ಪುಷ್ಯ ಮಳೆಯೂ ಎರಡಡಿ ಡಿಶ್ಶೂ

"ಏ ಮಾರಾಯ, ಬರ್ತಾ ಒಂದು ಬೂಸ್ಟರ್ ತಗಂಡು ಬಾ. ಇಲ್ಲಿ ಸಿಗ್ನಲ್ಲೇ ವೀಕು."

ಆಗುಂಬೆ ಹತ್ತಿರದ ನಮ್ಮೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಪುಷ್ಯ ಮಳೆ ಹಿಡಿದಿತ್ತು. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆ ಅದು. ಆರಿದ್ರಾ ಶುರುವಾದರೆ ಆಶ್ಲೇಷ ಮುಗಿಯುವ ತನಕ ಅವರ ಟಿವಿ ಬಂದರೆ ಬಂತು, ಹೋದರೆ ಹೋಯಿತು.

ಬೂಸ್ಟರ್ ಅಂದರೆ ಕೇಬಲಿಗೆ ಸೇರಿಸಿ ಸಿಗ್ನಲ್ ಹಿಗ್ಗಿಸುವ ಡಬ್ಬಿ. ನಾನು ಅದನ್ನು ಒಯ್ಯಲಿಲ್ಲ. ಹೋಗಿ ನೋಡಿದರೆ ಆ ಬಡಪಾಯಿ ಡಿಶ್‌ಗೆ ಆಗಬಾರದ ಸೇವೆಯೆಲ್ಲ ಆಗಿತ್ತು. ಹದಿನೈದು ಅಡಿ ಕಬ್ಬಿಣದ ಪೈಪಿನ ತುದಿಗೆ ಅದನ್ನು ಏರಿಸಿದ್ದರು. ಪಕ್ಕಕ್ಕೊಂದು ಸ್ಟೀಲ್ ತಟ್ಟೆ ಕಟ್ಟಿದ್ದರು, "ಸಿಗ್ನಲ್ ಜಾಸ್ತಿ ಹಿಡಿಯಲಿ" ಅಂತ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಹಾಗೆ ಎಲ್‌ಎನ್‌ಬಿಗೂ (ಡಿಶ್ ಎದುರು ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಡಬ್ಬಿ) ಒಂದು ಪ್ಲಾಸ್ಟಿಕ್ ಕೊಟ್ಟೆ. ಪೈಪಿನ ಬುಡದಲ್ಲಿ ಹಿಂದಿನ ವರ್ಷದ ಆಯುಧಪೂಜೆಯ ಒಣ ನಿಂಬೆಹಣ್ಣು. ಇಷ್ಟರಲ್ಲಿ ಯಾರಿಗೂ ತೊಂದರೆ ಕೊಡದೆ ಇದ್ದದ್ದು ನಿಂಬೆಹಣ್ಣು ಒಂದೇ.

ಮೊದಲು ಆ ಪೈಪಿನ ವಿಷಯ. ದೂರದರ್ಶನದ ಹಳೇ ಕಡ್ಡಿ ಆಂಟೆನಾ ಕಾಲದವರಿಗೆ ಎತ್ತರದ ಮೇಲೆ ಬಲು ನಂಬಿಕೆ. ಒಬ್ಬರು ಹಂಚಿನ ಮೇಲೆ ಹತ್ತಿ ತಿರುಗಿಸುವುದು, ಅಂಗಳದಲ್ಲಿ ನಿಂತವರು "ಬಂತಾ?" ಅನ್ನುವುದು, ಒಳಗಿನಿಂದ "ಬಂತು ಬಂತು, ಹಾಗೇ ಬಿಡು, ಅಯ್ಯೋ ಹೋಯ್ತು" ಅನ್ನುವುದು. ಆಗ ಅದು ಸರಿಯೇ ಇತ್ತು. ಆ ಸಿಗ್ನಲ್ ಬರುತ್ತಿದ್ದದ್ದು ನೆಲದ ಮೇಲಿನ ಗೋಪುರದಿಂದ, ನಡುವೆ ಗುಡ್ಡ ಸಿಕ್ಕರೆ ಕಥೆ ಮುಗಿಯಿತು. ಮೊಬೈಲಿಗೂ ಇದೇ ಕಷ್ಟ. ಡಿಶ್ ಟಿವಿಗೆ ಹಾಗಲ್ಲ. ಅದರ ಗೋಪುರ ಇರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದ ಎದುರು ಹದಿನೈದು ಅಡಿ ಪೈಪು ಯಾವ ಲೆಕ್ಕ? ತೀರ್ಥಹಳ್ಳಿಗೂ ಬೆಂಗಳೂರಿಗೂ ಬೀಳುವ ಸಿಗ್ನಲ್ ಹೆಚ್ಚುಕಡಿಮೆ ಒಂದೇ. ಉದ್ದ ಪೈಪಿನಿಂದ ಆಗುವ ಕೆಲಸ ಒಂದೇ, ಗಾಳಿಗೆ ತೂಗಾಡುವುದು.

ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ನಮ್ಮೂರ ಅಂಗಳದಲ್ಲಿ ನಿಂತರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ಅಂದರೆ ಕತ್ತು ನೋಯುವಷ್ಟು ಎತ್ತಿ ನೋಡಬೇಕಾದ ಜಾಗ. ಗುಡ್ಡ ಅಡ್ಡ ಬರುವ ಪ್ರಶ್ನೆಯೇ ಕಡಿಮೆ. ಆದರೆ ಮನೆ ಡಿಶ್‌ನ ಮುಖ ಅಷ್ಟು ಮೇಲೆ ಇರುವುದಿಲ್ಲ, ಎದುರಿನ ಗುಡ್ಡ ನೋಡುತ್ತಿರುವ ಹಾಗೆ ಕಾಣುತ್ತದೆ. ಎಲ್‌ಎನ್‌ಬಿ ನಡುವಿನಲ್ಲಿ ಇರದೆ ಕೆಳಗಿನ ತೋಳಿನ ತುದಿಯಲ್ಲಿ ಇರುವುದರಿಂದ ಹೀಗೆ. ಡಿಶ್ ನಿಜವಾಗಿ ನೋಡುವುದು ಅದರ ಮುಖಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ. "ಉಪಗ್ರಹ ಆಕಾಶದಲ್ಲಿದೆ, ಇದು ಗದ್ದೆ ನೋಡ್ತಿದೆಯಲ್ಲ" ಅಂತ ಎತ್ತಲು ಹೋದವರನ್ನು ನಾನು ಕಂಡಿದ್ದೇನೆ.

ಅಲ್ಲಿಂದ ಬರುವ ಸಿಗ್ನಲ್ ಎಷ್ಟು ಸಣ್ಣದು ಗೊತ್ತಾ? ಉಪಗ್ರಹದಲ್ಲಿ ಸಿಗ್ನಲ್ ಕೆಳಗೆ ಕಳಿಸುವ ಯಂತ್ರಕ್ಕೆ ಟ್ರಾನ್ಸ್‌ಪಾಂಡರ್ ಅನ್ನುತ್ತಾರೆ. ಅಂಥದ್ದೊಂದು ಕಳಿಸುವುದು 100-150 ವ್ಯಾಟ್ ಆಸುಪಾಸು. ಹಳೇ ಬುರುಡೆ ಬಲ್ಬಿನಷ್ಟು. ಅದನ್ನು ಇಡೀ ದೇಶದ ಮೇಲೆ ಹರಡಬೇಕು. ಎರಡಡಿ ಡಿಶ್‌ಗೆ ಸಿಗುವ ಪಾಲು ಒಂದು ವ್ಯಾಟಿನಲ್ಲಿ ಸುಮಾರು ಲಕ್ಷ ಕೋಟಿಯಲ್ಲಿ ಒಂದು ಭಾಗ. "ಹಾಗಾದ್ರೆ ಬೂಸ್ಟರ್ ಬೇಕೇ ಬೇಕಲ್ಲೋ?" ಅಂದರು ಚಿಕ್ಕಪ್ಪ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಸಿಗ್ನಲ್ ಸಣ್ಣದಾಗಿದ್ದರೆ ದೊಡ್ಡದು ಮಾಡಬಹುದು. ಎಲ್‌ಎನ್‌ಬಿ ಆ ಕೆಲಸವನ್ನೇ ಮಾಡುತ್ತದೆ, ಬಂದದ್ದನ್ನು ಲಕ್ಷಗಟ್ಟಲೆ ಪಟ್ಟು ಹಿಗ್ಗಿಸಿ ಕೆಳಗೆ ಕಳಿಸುತ್ತದೆ. ತೊಂದರೆ ಬೇರೆ ಇದೆ. ಡಿಶ್‌ಗೆ ಸಿಗ್ನಲ್ ಜೊತೆ ಗದ್ದಲವೂ ಬೀಳುತ್ತದೆ. ಬಿಸಿ ಇರುವ ಪ್ರತಿಯೊಂದು ವಸ್ತುವೂ ಒಂದಿಷ್ಟು ರೇಡಿಯೋ ಅಲೆ ಹೊರಸೂಸುತ್ತದೆ. ಬಿಸಿ ಅಂದರೆ ಕುದಿಯಬೇಕಿಲ್ಲ. ಮೈನಸ್ 273 ಡಿಗ್ರಿಗಿಂತ ಮೇಲಿದ್ದರೆ ಸಾಕು. ನೆಲ, ಹಂಚು, ಹಲಸಿನ ಮರ, ಕೊಟ್ಟಿಗೆಯ ಎಮ್ಮೆ, ಅಂಗಳದಲ್ಲಿ ನಿಂತ ಚಿಕ್ಕಪ್ಪ, ಎಲ್ಲರೂ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್‌ಗಳೇ. ಎಲ್‌ಎನ್‌ಬಿಯೊಳಗಿನ ಟ್ರಾನ್ಸಿಸ್ಟರ್ ಕೂಡ ತನ್ನ ಪಾಲು ಸೇರಿಸುತ್ತದೆ. ಮದುವೆ ಮನೆಯಲ್ಲಿ ವಾಲಗ ಊದುವಾಗ ಯಾರೋ ಕಿವಿಯಲ್ಲಿ ಗುಟ್ಟು ಹೇಳಿದಂತೆ ಇದು. ಮೈಕ್ ಇಟ್ಟರೆ ಗುಟ್ಟೂ ದೊಡ್ಡದಾಗುತ್ತದೆ, ವಾಲಗವೂ ದೊಡ್ಡದಾಗುತ್ತದೆ. ಇನ್ನೊಂದು ಹೇಳಲೇ? ಕಲ್ಲು ಬೆರೆತ ಅಕ್ಕಿಯನ್ನು ಸೇರಿನ ಬದಲು ಕೊಳಗದಲ್ಲಿ ಅಳೆದರೆ ಕಲ್ಲು ಕಡಿಮೆಯಾಗುತ್ತದೆಯೇ? ಪತ್ರಿಕೆಯ ಮಸುಕು ಫೋಟೋಗೆ ಭೂತಗನ್ನಡಿ ಹಿಡಿದರೆ ಚುಕ್ಕಿಗಳು ದಪ್ಪ ಕಾಣುತ್ತವೆ, ಮುಖ ಕಾಣುವುದಿಲ್ಲ.

ಬೂಸ್ಟರ್ ಕೂತಿರುವುದು ಕೇಬಲಿನ ನಡುವೆ. ಅದರ ಕೈಗೆ ಬರುವ ಹೊತ್ತಿಗೆ ಗದ್ದಲ ಆಗಲೇ ಬೆರೆತಾಗಿದೆ. 1944ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ ಇದನ್ನು ಸೂತ್ರ ಮಾಡಿ ತೋರಿಸಿದರು. ಸಾಲಾಗಿ ಜೋಡಿಸಿದ ಆಂಪ್ಲಿಫೈಯರ್‌ಗಳಲ್ಲಿ ಗದ್ದಲದ ಹಣೆಬರಹ ಬರೆಯುವುದು ಮೊದಲನೆಯದು, ಹಿಂದೆ ಬರುವವು ಬರೀ ದಿಬ್ಬಣದವರು. ಅದಕ್ಕೇ ಎಲ್‌ಎನ್‌ಬಿಯನ್ನು ಮನೆಯೊಳಗೆ ಇಡದೆ ಡಿಶ್‌ನ ಮೂತಿಗೇ ಕಟ್ಟುವುದು. ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಮುಂದೆ ಒಂದು ತಮಾಷೆ ನಡೆಯಿತು. 1964ರ ಹೊತ್ತಿಗೆ ಅರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ದೊಡ್ಡ ಕಹಳೆಯಂಥ ಆಂಟೆನಾ ಇಟ್ಟುಕೊಂಡು ಒದ್ದಾಡುತ್ತಿದ್ದರು. ಎತ್ತ ತಿರುಗಿಸಿದರೂ ಸಣ್ಣ ಗದ್ದಲ ಹೋಗಲೊಲ್ಲದು. ಒಳಗೆ ಗೂಡು ಕಟ್ಟಿದ್ದ ಪಾರಿವಾಳ ಓಡಿಸಿದರು, ಹಿಕ್ಕೆ ಕೆರೆದು ತೊಳೆದರು. ಗದ್ದಲ ಅಲ್ಲೇ ಇತ್ತು. ಕೊನೆಗೆ ತಿಳಿದದ್ದು, ಅದು ಬ್ರಹ್ಮಾಂಡ ಹುಟ್ಟಿದಾಗಿನ ಬಿಸಿಯ ಉಳಿಕೆ ಅಂತ. 1978ರಲ್ಲಿ ನೊಬೆಲ್ ಬಂತು. ಗದ್ದಲವನ್ನೂ ಬಿಸಿಯ ಹಾಗೆ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂದರೆ ಆ ಮೈನಸ್ 273ರಿಂದ ಮೇಲಕ್ಕೆ ಎಣಿಸುವ ಡಿಗ್ರಿ. ಚಿಕ್ಕಪ್ಪನ ಡಿಶ್‌ಗೂ ಆ ಉಳಿಕೆ ಬೀಳುತ್ತದೆ, ಆದರೆ ಬರೀ 3 ಕೆಲ್ವಿನ್‌ನಷ್ಟು. ಅದನ್ನು ಬಿಟ್ಟುಬಿಡಬಹುದು.

ಬಿಡಲಾಗದ್ದು ಮಳೆ. ಮೋಡದಿಂದ ಟಿವಿ ಹೋಗುತ್ತದೆ ಅನ್ನುತ್ತಾರೆ. ಬರೀ ಮೋಡ ಮಾಡುವ ಹಾನಿ ಅಲ್ಪ, ಹನಿ ದಪ್ಪವಾದಾಗಲೇ ತಂಟೆ. ಮನೆ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕೆಲವು ಮಿಲಿಮೀಟರ್ ಗಾತ್ರದ ಹನಿಗಳು ಅದನ್ನು ಹೀರುತ್ತವೆ, ಅಡ್ಡಾದಿಡ್ಡಿ ಚೆದುರಿಸುತ್ತವೆ. ಇದು ಎಲ್ಲರೂ ಊಹಿಸುವ ಕಳ್ಳತನ. ಮಳೆ ಇನ್ನೊಂದು ಕೈಯಲ್ಲೂ ಕದಿಯುತ್ತದೆ. ತಿಳಿ ಆಕಾಶ ರೇಡಿಯೋ ಲೆಕ್ಕದಲ್ಲಿ ತಣ್ಣಗಿರುತ್ತದೆ. ಮಳೆ ಬೆಚ್ಚಗಿನ ಕಂಬಳಿ ಇದ್ದಂತೆ. ಹೀರುವ ವಸ್ತು ಹೊರಸೂಸಲೂಬೇಕು, ಅದು ಭೌತಶಾಸ್ತ್ರದ ಕಟ್ಟಳೆ.

ಒಂದು ಲೆಕ್ಕ ಹಾಕೋಣ. ಒಳ್ಳೆಯ ದಿನ ಡಿಶ್ ಮತ್ತು ಎಲ್‌ಎನ್‌ಬಿಯ ಒಟ್ಟು ಗದ್ದಲ 100 ಕೆಲ್ವಿನ್ ಅಂದುಕೊಳ್ಳಿ. ಸಿಗ್ನಲ್ ಅದರ 25 ಪಟ್ಟು ಇದೆ. ಮಳೆ ಬಂದು ಸಿಗ್ನಲ್ಲನ್ನು ಅರ್ಧ ಮಾಡಿತು. ಹಾಗಾದರೆ ಹನ್ನೆರಡೂವರೆ ಪಟ್ಟು ಉಳಿಯಬೇಕಿತ್ತು, ಅಷ್ಟಿದ್ದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಅದೇ ಮಳೆ ಗದ್ದಲಕ್ಕೆ 130-140 ಕೆಲ್ವಿನ್ ಸೇರಿಸಿತು. 100 ಇದ್ದದ್ದು ಹತ್ತಿರ ಹತ್ತಿರ 230 ಆಯಿತು. ಈಗ ಉಳಿದದ್ದು ಐದೂವರೆ ಪಟ್ಟು. ಡಿಜಿಟಲ್ ಚಿತ್ರ ಹೋಗುವ ಅಂಚು ಅದು. ಹಳೇ ಟಿವಿಯಾದರೆ ಪರದೆ ಮೇಲೆ ಇರುವೆ ಹರಿದಾಡಿದಂತೆ ಚುಕ್ಕಿ ಬಂದರೂ ಆಟ ಕಾಣುತ್ತಿತ್ತು. ಡಿಜಿಟಲ್ ಹಾಗಲ್ಲ, ಬಂಡೆಯ ಅಂಚಿನವರೆಗೂ ಸಲೀಸಾಗಿ ನಡೆದು ಒಮ್ಮೆಲೇ ಬೀಳುತ್ತದೆ.

ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಅಂದರೆ ಅಕ್ಕಿ, ಕಲ್ಲು ಎರಡೂ ಸೇರಿದ ತೂಕ. ಕ್ವಾಲಿಟಿ ಅಂದರೆ ಕಲ್ಲಿಗೆ ಅಕ್ಕಿ ಎಷ್ಟು ಅಂತ. ಬೂಸ್ಟರ್ ಹಾಕಿದರೆ ಸ್ಟ್ರೆಂತ್ ಪಟ್ಟಿ ಜಿಗಿಯುತ್ತದೆ, ಕೊಂಡವರಿಗೆ ಸಮಾಧಾನವಾಗುತ್ತದೆ. ನೋಡಬೇಕಾದ್ದು ಕ್ವಾಲಿಟಿ ಮಾತ್ರ. ಕೇಬಲ್ ತೀರಾ ಉದ್ದವಿದ್ದು, ತೋಟದ ಆಚೆ ಕಡೆಯಿಂದ ಎಳೆದಿದ್ದರೆ ಬೂಸ್ಟರಿಗೆ ಕೆಲಸ ಇದೆ. ಮಳೆಗೆ ಇಲ್ಲ.

ಮಳೆಗೆ ಮದ್ದು ದೊಡ್ಡ ಡಿಶ್. 60 ಸೆಂಟಿಮೀಟರಿನದು ತೆಗೆದು 90ರದ್ದು ಹಾಕಿದರೆ ಅಗಲ ಒಂದೂವರೆ ಪಟ್ಟು, ಹಿಡಿಯುವ ಸಿಗ್ನಲ್ ಎರಡೂಕಾಲು ಪಟ್ಟು. ಗದ್ದಲ ಮಾತ್ರ ಹಾಗೆ ಏರುವುದಿಲ್ಲ. ಯಾಕೆಂದರೆ ದೊಡ್ಡ ಡಿಶ್ ಆಕಾಶದ ಇನ್ನೂ ಸಣ್ಣ ತುಂಡನ್ನು ನೋಡುತ್ತದೆ. 60ರ ಡಿಶ್ ನೋಡುವ ಕಿಂಡಿಯ ಅಗಲ ಸುಮಾರು 3 ಡಿಗ್ರಿ, 90ರದ್ದಕ್ಕೆ 2. ಇದರಲ್ಲೇ ಒಂದು ತೊಡಕೂ ಇದೆ. ಸಣ್ಣ ಡಿಶ್ ಸಹಿಸುತ್ತಿದ್ದ ಓರೆಯನ್ನು ದೊಡ್ಡದು ಸಹಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಡಿಶ್ ಬದಲಿಸುವುದೇ ಬೇಡ. ಬಿಸಿಲಿರುವ ದಿನ ನಟ್ಟು ಸಡಿಲಿಸಿ, ಕೂದಲೆಳೆಯಷ್ಟು ಸರಿಸುತ್ತಾ, ಪ್ರತಿ ಸಲ ನಾಲ್ಕು ಸೆಕೆಂಡು ಕಾದು, ಕ್ವಾಲಿಟಿ ಎಲ್ಲಿ ಗರಿಷ್ಠವೋ ಅಲ್ಲಿ ಬಿಗಿದರೆ ಸಾಕು. ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ಸ್ವಲ್ಪ ಆಚೀಚೆ ಹೊರಳಿಸಿ ನೋಡಬೇಕು. "ಚಿತ್ರ ಬಂತಲ್ಲ, ಬಿಡಿ" ಅಂತ ಬಿಗಿದುಹೋದ ಡಿಶ್ ಬೇಸಿಗೆಯಲ್ಲಿ ಚೆನ್ನ, ಜುಲೈಯಲ್ಲಿ ಕೈಕೊಡುತ್ತದೆ.

ಆ ಸ್ಟೀಲ್ ತಟ್ಟೆ ಯಾಕೆ ದಂಡ ಅನ್ನುವುದಕ್ಕೆ ಒಂದು ಹಳೇ ಕಥೆ ಬೇಕು. 1975ರ ಆಗಸ್ಟಿನಿಂದ ಒಂದು ವರ್ಷ, ಇಸ್ರೋ ಅಮೆರಿಕದ ಎಟಿಎಸ್-6 ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿತು. 'ಸೈಟ್' ಅಂತ ಅದರ ಹೆಸರು. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಸೀಮೆ. ಬೆಂಗಳೂರಿಗೆ ಟಿವಿ ಬರುವ ಮೊದಲೇ ಅಲ್ಲಿನ ಹಳ್ಳಿಯವರು ಉಪಗ್ರಹದಿಂದ ನೇರ ಕಾರ್ಯಕ್ರಮ ನೋಡಿದರು! ಆ ಡಿಶ್‌ಗಳು ಹತ್ತಡಿ ಅಗಲದವು, ಮಾಡಿದ್ದು ಕೋಳಿ ಗೂಡಿನ ಜಾಲರಿಯಿಂದ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಜಾಲರಿಯ ತೂತು ಕಾಣುವುದೇ ಇಲ್ಲ. ನಮ್ಮ ಎರಡೂವರೆ ಸೆಂಟಿಮೀಟರ್ ಅಲೆ ಹಾಗಲ್ಲ, ಒಂದೆರಡು ಮಿಲಿಮೀಟರ್ ತಗ್ಗಿದ್ದರೂ ಕಂಡುಹಿಡಿಯುತ್ತದೆ. ಅಡಿಕೆ ಸೋಗೆ ಬಿದ್ದು ಅಂಚು ಮಣಿದ ಡಿಶ್ ಅರ್ಧ ಕುರುಡ. ಪಕ್ಕದಲ್ಲಿ ಅಡ್ಡಾದಿಡ್ಡಿ ಕಟ್ಟಿದ ತಟ್ಟೆ ಅಲೆಯನ್ನು ಎಲ್ಲಿಗೋ ಕಳಿಸುತ್ತದೆ, ಎಲ್‌ಎನ್‌ಬಿಗಂತೂ ಅಲ್ಲ. ಪೇಟೆಯ ಕೇಬಲ್‌ನವರ ಮನೆ ಮೇಲೆ ಈಗಲೂ ದೊಡ್ಡ ಜಾಲರಿ ಡಿಶ್ ಕಾಣುತ್ತದೆ. ಅವರು ಹಿಡಿಯುವುದು ಏಳೂವರೆ ಸೆಂಟಿಮೀಟರಿನ ಸಿ ಬ್ಯಾಂಡ್. ಆ ಅಲೆ ಮಳೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಜಡಿಮಳೆಯಲ್ಲೂ ಪೇಟೆಯವರ ಟಿವಿ ಬರುವುದು ಅದಕ್ಕೆ. ಅದರಲ್ಲಿ ಅವರ ಪುಣ್ಯವೇನಿಲ್ಲ.

ಇನ್ನು ಕೊಟ್ಟೆ. ಪ್ಲಾಸ್ಟಿಕ್ಕಿನಿಂದ ತೊಂದರೆ ಇಲ್ಲ, ಅಲೆ ಅದನ್ನು ದಾಟುತ್ತದೆ. ಆದರೆ ಒಳಗೆ ಬೆವರು ಕಟ್ಟಿ, ಹೊರಗೆ ನೀರು ನಿಂತು, ಎಲ್‌ಎನ್‌ಬಿಯ ಮುಖಕ್ಕೆ ನೀರಿನ ಪೊರೆ ಅಂಟಿದರೆ ಡಿಶ್ ಪೂರ್ತಿ ಬಾಚಿ ತಂದದ್ದೆಲ್ಲ ಆ ಪೊರೆಯಲ್ಲೇ ಸೋರಿಹೋಗುತ್ತದೆ. ಬಿಚ್ಚಿ ಎಸೆದೆ. ಕನೆಕ್ಟರಿನ ಕಥೆ ಇನ್ನೂ ಕೆಟ್ಟದಿತ್ತು. ಕಿಲುಬು ಹಿಡಿದು ಹಸಿರಾಗಿತ್ತು. ಆ ಕೇಬಲಿನಲ್ಲಿ ಚಿತ್ರ ಕೆಳಗೆ ಇಳಿಯುತ್ತದೆ, ಕರೆಂಟು ಮೇಲೆ ಹತ್ತುತ್ತದೆ. ಬಾಕ್ಸು 13 ವೋಲ್ಟ್ ಕೊಟ್ಟರೆ ಒಂದು ಗುಂಪಿನ ಚಾನೆಲ್, 18 ಕೊಟ್ಟರೆ ಇನ್ನೊಂದು ಗುಂಪು. ಕಿಲುಬಿನಿಂದ ವೋಲ್ಟ್ ಬಿದ್ದರೆ ಒಂದಿಷ್ಟು ಚಾನೆಲ್ ಬಂದು ಒಂದಿಷ್ಟು ಮಾಯ. ಹೊಸ ಕನೆಕ್ಟರ್ ಹಾಕಿ, ಟೇಪು ಸುತ್ತಿ, ಗೋಡೆ ಹೊಗುವ ಮುಂಚೆ ಕೇಬಲನ್ನು ಸ್ವಲ್ಪ ಕೆಳಗೆ ಜೋತುಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಡಿಶ್ ಈಗ 90ರದ್ದು, ಪೈಪಿನಿಂದ ಇಳಿದು ಅಂಗಳದ ಮೂಲೆಯ ಕಲ್ಲುಕಟ್ಟೆಯ ಮೇಲೆ ಗಟ್ಟಿಯಾಗಿ ಕೂತಿದೆ. ಮುಗಿಲು ಹರಿದ ಹಾಗೆ ಹೊಯ್ದಾಗ ಈಗಲೂ ಟಿವಿ ಹೋಗುತ್ತದೆ. ಆದರೆ ಹತ್ತು ಹದಿನೈದು ನಿಮಿಷಕ್ಕೆ ವಾಪಸು ಬರುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಫೋನ್. ಬೆಳಿಗ್ಗೆ ಹನ್ನೊಂದರ ಹೊತ್ತು. "ಈಗ ಮಳೆಯೂ ಇಲ್ಲ, ಮೋಡವೂ ಇಲ್ಲ. ಧಗಧಗ ಬಿಸಿಲು. ಟಿವಿ ಹೋಯ್ತು! ನಿನ್ನೆಯೂ ಇದೇ ಹೊತ್ತಿಗೆ ಹೋಗಿತ್ತು."

ನನಗೆ ಖುಷಿಯೋ ಖುಷಿ. ವರ್ಷಕ್ಕೆರಡು ಸಲ, ನಮ್ಮಲ್ಲಿ ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಕೆಲವು ದಿನ ಕೆಲವೇ ನಿಮಿಷ ಸೂರ್ಯ ಆ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ. ಆಗ ಸಿಗ್ನಲ್ ಒಂದು ಎಳ್ಳಷ್ಟೂ ಕಡಿಮೆಯಾಗಿರುವುದಿಲ್ಲ. ಸೂರ್ಯನ ಗದ್ದಲ ಮಾತ್ರ ಡಿಶ್‌ನ ಕಿಂಡಿಯೊಳಗೆ ನುಗ್ಗಿರುತ್ತದೆ. ಸಿಗ್ನಲ್ ಪೂರ್ತಿ ಇದ್ದೂ ಟಿವಿ ಇಲ್ಲ. ಜುಲೈನಲ್ಲಿ ಅಂಗಳದಲ್ಲಿ ನಿಂತು ಗಂಟಲು ಹರಿದುಕೊಂಡಿದ್ದೆನಲ್ಲ, ಅದಕ್ಕೆ ಸಾಕ್ಷಿ ಹೇಳಲು ಸೂರ್ಯನೇ ಬಂದಿದ್ದ.

"ಚಿಕ್ಕಪ್ಪ, ಓಡಿಹೋಗಿ ಡಿಶ್ ಮೇಲೆ ನೆರಳು ಬಿದ್ದಿದ್ಯಾ ನೋಡಿ." ಸೂರ್ಯ ಮತ್ತು ಉಪಗ್ರಹ ಒಂದೇ ಗೆರೆಯಲ್ಲಿರುವಾಗ ಡಿಶ್ ಮೇಲೆ ಯಾವುದರ ನೆರಳು ಬೀಳುತ್ತದೋ ಅದೇ ಸಿಗ್ನಲ್ಲಿಗೂ ಅಡ್ಡ. ಒದ್ದೆ ಎಲೆಗಳಂತೂ ಮಳೆಗಾಲದಲ್ಲಿ ಗೋಡೆ ಇದ್ದ ಹಾಗೆ.

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಎಡಗಡೆ ಕಾಲು ಭಾಗಕ್ಕೆ ಹಲಸಿನ ಕೊಂಬೆ ನೆರಳು ಬಿದ್ದಿದೆ."

"ಕೊಂಬೆ ಕಡಿಸಿಬಿಡಿ."

"ಅದು ಬಕ್ಕೆ ಹಲಸು ಮಾರಾಯ, ಕಡಿಯಕ್ಕಾಗಲ್ಲ. ನೀನು ದೀಪಾವಳಿಗೆ ಬಂದಾಗ ಡಿಶ್ಶೇ ಆಚೆ ಇಡಾಣ."