ಗೆದ್ದವರಿಗೇ ಎಲ್ಲ: ಅಮೆರಿಕದ ಸಂವಿಧಾನದಲ್ಲಿ ಇಲ್ಲದ ನಿಯಮ

2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರಂಪ್ ಅವರಿಗೆ ಸುಮಾರು 60 ಲಕ್ಷ ಓಟು ಬಿದ್ದವು. ಅವರು ಗೆದ್ದ ಟೆಕ್ಸಾಸ್‌ನಲ್ಲೂ ಇಷ್ಟು ಬಿದ್ದಿರಲಿಲ್ಲ. ಆದರೂ ಕ್ಯಾಲಿಫೋರ್ನಿಯಾದಿಂದ ಅವರಿಗೆ ಸಿಕ್ಕ ಎಲೆಕ್ಟರ್‌ಗಳು (ರಾಜ್ಯದ ಪರವಾಗಿ ಅಧ್ಯಕ್ಷರನ್ನು ಕೊನೆಗೆ ಆರಿಸುವವರು) ಸೊನ್ನೆ. ಟೆಕ್ಸಾಸ್‌ನಲ್ಲಿ ಬೈಡನ್ ಅವರ 50 ಲಕ್ಷಕ್ಕೂ ಮೀರಿದ ಓಟಿನ ಗತಿಯೂ ಅದೇ.

ಇದನ್ನೆಲ್ಲ ಸಂವಿಧಾನದ ತಲೆಗೆ ಕಟ್ಟುವುದು ರೂಢಿ. ಆದರೆ ರಾಜ್ಯದಲ್ಲಿ ಒಂದು ಓಟು ಮುಂದಿದ್ದವರಿಗೆ ಅಲ್ಲಿನ ಎಲ್ಲ ಎಲೆಕ್ಟರ್‌ಗಳೂ ಸೇರಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಎಲೆಕ್ಟರ್‌ಗಳನ್ನು ಹೇಗೆ ಆರಿಸಬೇಕು ಅನ್ನೋದನ್ನು ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದ್ದಾರೆ.

ಯಾಕೆ ಹಾಗೆ ಬಿಟ್ಟರು? 1787ರ ಬೇಸಿಗೆ, ಫಿಲಡೆಲ್ಫಿಯಾ. ಸಂವಿಧಾನ ಬರೆಯಲು ಸೇರಿದ್ದವರು ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಆ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಜನರೇ ಅಧ್ಯಕ್ಷರನ್ನು ಆರಿಸಲಿ ಅಂದರು ಜೇಮ್ಸ್ ವಿಲ್ಸನ್. ಅದು ಕುರುಡನಿಗೆ ಬಣ್ಣ ಆರಿಸಲು ಹೇಳಿದಂತೆ ಅಂದರು ಜಾರ್ಜ್ ಮೇಸನ್. ಮ್ಯಾಡಿಸನ್ ಇನ್ನೊಂದು ತೊಡಕನ್ನು ಬಾಯಿಬಿಟ್ಟೇ ಹೇಳಿದರು: ದಕ್ಷಿಣದ ಗುಲಾಮರಿಗೆ ಓಟಿಲ್ಲ, ನೇರ ಚುನಾವಣೆಯಾದರೆ ದಕ್ಷಿಣದ ಕೈ ಕೆಳಗಾಗುತ್ತದೆ. ಎಲೆಕ್ಟರ್‌ಗಳ ಲೆಕ್ಕದಲ್ಲಿ ಆ ತೊಂದರೆ ಇರಲಿಲ್ಲ. ಅದು ಬಹುಮಟ್ಟಿಗೆ ರಾಜ್ಯದ ಜನಸಂಖ್ಯೆಯ ಮೇಲೆ ನಿಂತದ್ದು, ಅದರಲ್ಲಿ ಐವರು ಗುಲಾಮರನ್ನು ಮೂವರು ಅಂತ ಎಣಿಸುವ ಸೂತ್ರ ಅಷ್ಟರಲ್ಲೇ ಒಪ್ಪಿತವಾಗಿತ್ತು. ಕೊನೆಗೆ ಬಾಕಿ ಉಳಿದ ವಿಷಯಗಳನ್ನೆಲ್ಲ 11 ಜನರ ಸಮಿತಿಗೆ ಹೊರಿಸಿದರು. ಅದರ ವರದಿ ಬಂದದ್ದು ಸೆಪ್ಟೆಂಬರ್ 4ಕ್ಕೆ, ಸಹಿ ಬಿದ್ದದ್ದು 17ಕ್ಕೆ. ಇದನ್ನು ಹಿರಿಯರ ಮಹಾ ಜಾಣ್ಮೆ ಅಂತ ಕೊಂಡಾಡುವವರಿದ್ದಾರೆ. ನನಗಂತೂ ಅಲ್ಲಿ ಕಾಣುವುದು ಊರಿಗೆ ಹೊರಡುವ ಅವಸರ.

ಶುರುವಿನಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ಕೆಲವೆಡೆ ಶಾಸಕರೇ ಎಲೆಕ್ಟರ್‌ಗಳನ್ನು ಆರಿಸುತ್ತಿದ್ದರು. ವರ್ಜೀನಿಯಾದಲ್ಲಿ 21 ಕ್ಷೇತ್ರ, ಕ್ಷೇತ್ರಕ್ಕೊಬ್ಬ ಎಲೆಕ್ಟರ್. 1796ರಲ್ಲಿ ಜೆಫರ್ಸನ್‌ಗೆ ತವರಿನ 21ರಲ್ಲಿ 20 ಸಿಕ್ಕವು, ಒಂದು ಕೈತಪ್ಪಿ ಎದುರಾಳಿ ಜಾನ್ ಆಡಮ್ಸ್ ಕಡೆ ಹೋಯಿತು. ದೇಶದಲ್ಲಿ ಆಡಮ್ಸ್ ಗೆದ್ದದ್ದು 71–68ರಲ್ಲಿ, ಬರೀ ಮೂರರ ಅಂತರ. ಅಂಥದ್ದರಲ್ಲಿ ಕೈತಪ್ಪಿದ ಒಂದೊಂದೂ ಚುಚ್ಚುತ್ತದೆ ಅಲ್ವಾ?

1800ರ ಜನವರಿಯಲ್ಲಿ ಜೆಫರ್ಸನ್ ವರ್ಜೀನಿಯಾದ ಗವರ್ನರ್ ಮನ್ರೋಗೆ ಕಾಗದ ಬರೆದರು. ಎಲ್ಲರೂ ಪಾಲಿಸುವುದಾದರೆ ಕ್ಷೇತ್ರವಾರು ಆಯ್ಕೆಯೇ ಒಳ್ಳೆಯದು, ಆದರೆ 10 ರಾಜ್ಯಗಳು ಹಾಗೆ ಮಾಡುತ್ತಿಲ್ಲ, ಉಳಿದ 6 ಮಾತ್ರ ಮಾಡುತ್ತಾ ಕೂರುವುದು ದಡ್ಡತನಕ್ಕಿಂತ ಕಡೆ ಅನ್ನೋದು ಅದರ ತಿರುಳು. ಅದೇ ತಿಂಗಳು ವರ್ಜೀನಿಯಾ ಕಾನೂನು ಬದಲಾಯಿತು. ಕ್ಷೇತ್ರಗಳು ಹೋದವು, ಇಡೀ ರಾಜ್ಯಕ್ಕೆ ಒಂದೇ ಪಟ್ಟಿ. ಮತದಾರ ಒಂದು ಹೆಸರಿನ ಬದಲು 21 ಹೆಸರಿಗೆ ಓಟು ಹಾಕಬೇಕಾಯಿತು. ಆ ಪಟ್ಟಿಯಲ್ಲಿ ಮ್ಯಾಡಿಸನ್ ಹೆಸರೂ ಇತ್ತು.

ಆಡಮ್ಸ್ ಅವರ ಮ್ಯಾಸಚೂಸೆಟ್ಸ್ ಸುಮ್ಮನಿರಲಿಲ್ಲ. ಸೇರಿಗೆ ಸವ್ವಾಸೇರು. ಅಲ್ಲಿ ಎಲೆಕ್ಟರ್‌ಗಳ ಆಯ್ಕೆಯನ್ನು ಜನರ ಕೈಯಿಂದಲೇ ಕಿತ್ತುಕೊಂಡು ಶಾಸನಸಭೆಗೆ ಕೊಟ್ಟರು. ವರ್ಜೀನಿಯಾದ 21 ಪೂರ್ತಿ ಜೆಫರ್ಸನ್‌ಗೆ, ಮ್ಯಾಸಚೂಸೆಟ್ಸ್‌ನ 16 ಪೂರ್ತಿ ಆಡಮ್ಸ್‌ಗೆ ಬಂದವು. ಇದರಲ್ಲಿ ಯಾವುದೂ ಸಂವಿಧಾನಬಾಹಿರವಲ್ಲ. ಅವನು ಮಾಡಿದ ಅಂತ ಇವನು, ಇವನು ಮಾಡಿದ ಅಂತ ಮತ್ತೊಬ್ಬ. 1836ರ ಹೊತ್ತಿಗೆ ದಕ್ಷಿಣ ಕೆರೊಲಿನಾ ಒಂದು ಬಿಟ್ಟು ಎಲ್ಲ ರಾಜ್ಯಗಳೂ 'ಗೆದ್ದವರಿಗೇ ಎಲ್ಲ' ಅನ್ನುವ ದಾರಿಗೆ ಬಂದಿದ್ದವು. ಸಂವಿಧಾನ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿದ್ದದ್ದು ಕ್ಷೇತ್ರವಾರು ಆಯ್ಕೆಯೇ ಅಂತ ಮ್ಯಾಡಿಸನ್ 1823ರಲ್ಲಿ ಒಂದು ಕಾಗದದಲ್ಲಿ ಬರೆದರು. ಅಷ್ಟು ಹೊತ್ತಿಗೆ ಅವರು ಎರಡು ಸಲ ಅಧ್ಯಕ್ಷರಾಗಿ ಮನೆ ಸೇರಿದ್ದರು.

ಮುಂದೆ ಅಂತರ್ಯುದ್ಧ ಆಯಿತು, ಗುಲಾಮಗಿರಿ ಹೋಯಿತು, ಹೆಂಗಸರಿಗೆ ಓಟು ಬಂತು, ವಾಷಿಂಗ್ಟನ್ ನಗರಕ್ಕೆ 3 ಎಲೆಕ್ಟರ್ ಸಿಕ್ಕು ಒಟ್ಟು 538 ಆಯಿತು. ಈ ನಿಯಮ ಮಾತ್ರ ಹೆಚ್ಚು ಅಲುಗಲಿಲ್ಲ. ಒಂದು ಸಲ ಬುಡಸಮೇತ ಅಲುಗುವ ಹಾಗೆ ಕಂಡಿತ್ತು. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ 338–70ರಲ್ಲಿ ಪಾಸಾಯಿತು. ಮರುವರ್ಷ ಸೆನೆಟ್‌ನಲ್ಲಿ ಚರ್ಚೆ ಮುಗಿದು ಓಟಿಗೆ ಬರಲು ಬಿಡದೆಯೇ ಅದನ್ನು ಮಲಗಿಸಿದರು. ವಿರೋಧಿಸಿದವರಲ್ಲಿ ಸಣ್ಣ ರಾಜ್ಯದವರೂ ಇದ್ದರು, ದಕ್ಷಿಣದವರೂ ಇದ್ದರು. ಅವರವರ ಲೆಕ್ಕ ಅವರವರಿಗೆ.

ಈಗ ಗುಂಪಿನಿಂದ ಹೊರಗಿರುವವು ಎರಡೇ. 1972ರಿಂದ ಮೇನ್, 1992ರಿಂದ ನೆಬ್ರಾಸ್ಕಾ. ನೆಬ್ರಾಸ್ಕಾದ 5 ಎಲೆಕ್ಟರ್‌ಗಳಲ್ಲಿ 2 ಇಡೀ ರಾಜ್ಯ ಗೆದ್ದವರಿಗೆ, ಉಳಿದ 3 ಕ್ಷೇತ್ರಕ್ಕೊಂದರಂತೆ. ರಾಜ್ಯ ರಿಪಬ್ಲಿಕನ್ನರದ್ದು, ಆದರೆ ಒಮಾಹಾ ನಗರದ ಕ್ಷೇತ್ರ 2020ರಲ್ಲಿ ಬೈಡನ್ ಕಡೆ ಹೋಗಿತ್ತು. 2024ರಲ್ಲಿ ಆ ಒಂದನ್ನೂ ಉಳಿದವುಗಳ ಜೊತೆ ಸೇರಿಸಲು ಕಾನೂನು ಬದಲಿಸುವ ಓಡಾಟ ಜೋರಾಯಿತು. ಏಪ್ರಿಲ್‌ನಲ್ಲೇ ಅತ್ತ ಮೇನ್‌ನ ಡೆಮಾಕ್ರಟಿಕ್ ಮುಖಂಡರಿಂದ ಹೇಳಿಕೆ ಬಂತು: ನೀವು ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ. ವರ್ಜೀನಿಯಾ, ಮ್ಯಾಸಚೂಸೆಟ್ಸ್ ನೆನಪಾದವು.

ಸೆಪ್ಟೆಂಬರ್‌ನಲ್ಲಿ ನೆಬ್ರಾಸ್ಕಾದ ಪ್ರಯತ್ನಕ್ಕೆ ಬೇಕಾದಷ್ಟು ಶಾಸಕರು ಸಿಗಲಿಲ್ಲ. ಆ ಹೊತ್ತಿಗೆ ಒಮಾಹಾದ ಎಷ್ಟೋ ಮನೆಗಳ ಮುಂದಿನ ಹುಲ್ಲಿನಲ್ಲಿ ಬಿಳಿ ಬೋರ್ಡುಗಳು ನಿಂತಿದ್ದವು. ಅವುಗಳ ಮೇಲೆ ಹೆಸರಿಲ್ಲ, ಘೋಷಣೆಯಿಲ್ಲ. ನಡುವೆ ಡೆಮಾಕ್ರಟರ ಬಣ್ಣದ ಒಂದು ನೀಲಿ ಚುಕ್ಕಿ, ಅಷ್ಟೇ.