ಅದೇ ಇನ್ಸುಲಿನ್, ದೇಶಕ್ಕೊಂದು ಬೆಲೆ ಏಕೆ?

ಪ್ರಶ್ನೆ: ಒಂದೇ ಕಂಪನಿಯ ಒಂದೇ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಂದು ಬೆಲೆ, ಕೆನಡಾದಲ್ಲಿ ಇನ್ನೊಂದು, ಬ್ರಿಟನ್ನಿನಲ್ಲಿ ರೋಗಿಗೆ ಪುಕ್ಕಟೆ. ತಯಾರಿಸುವ ಖರ್ಚು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಲ್ಲವೇ? ಹಾಗಿದ್ದರೆ ಇಷ್ಟು ಅಂತರ ಎಲ್ಲಿಂದ ಬರುತ್ತದೆ?

ಉತ್ತರ: ತಯಾರಿಕೆಯ ಖರ್ಚಿಗೂ ರೋಗಿ ಕೊಡುವ ಬೆಲೆಗೂ ನಂಟು ತೀರಾ ಕಡಿಮೆ. ಕಂಪನಿಯ ಎದುರು ಕೂತು ಚೌಕಾಸಿ ಮಾಡುವವರು ಯಾರು ಎಂಬುದರ ಮೇಲೆ ಬೆಲೆ ನಿಂತಿದೆ. ಇಡೀ ದೇಶದ ಪರವಾಗಿ ಸರ್ಕಾರ ಕೂತರೆ ಒಂದು ಬೆಲೆ, ಕಾಯಿಲೆಯ ಮನುಷ್ಯ ಒಬ್ಬನೇ ನಿಂತರೆ ಮತ್ತೊಂದು. ಇನ್ಸುಲಿನ್ ಬೇಕಾದವರು 'ದುಬಾರಿಯಾಯಿತು, ಮುಂದಿನ ತಿಂಗಳು ನೋಡೋಣ' ಎಂದು ಎದ್ದು ಬರುವಂತಿಲ್ಲ. ಟೈಪ್ 1 ಮಧುಮೇಹ, ಅಂದರೆ ದೇಹ ತಾನಾಗಿ ಇನ್ಸುಲಿನ್ ತಯಾರಿಸಲಾಗದ ಸ್ಥಿತಿ, ಇರುವವರಿಗೆ ಕೆಲವು ದಿನ ಇನ್ಸುಲಿನ್ ತಪ್ಪಿದರೂ ಜೀವಕ್ಕೇ ಕುತ್ತು. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಯಾರಿಕೆಯ ಖರ್ಚು ಲೆಕ್ಕ ಹಾಕಿ, ನ್ಯಾಯವಾದ ಲಾಭ ಸೇರಿಸಿದರೂ ಒಬ್ಬ ರೋಗಿಗೆ ಇಡೀ ವರ್ಷಕ್ಕೆ ಮನುಷ್ಯ ದೇಹದ ಇನ್ಸುಲಿನ್‌ನಂತೆಯೇ ಇರುವ ಹ್ಯೂಮನ್ ಇನ್ಸುಲಿನ್ 72 ಡಾಲರ್ ದಾಟಬೇಕಿಲ್ಲ, ಅದನ್ನು ತುಸು ಮಾರ್ಪಡಿಸಿದ ಹೊಸ ಬಗೆಯ ಅನಲಾಗ್ ಇನ್ಸುಲಿನ್ 133 ಡಾಲರ್ ದಾಟಬೇಕಿಲ್ಲ ಎಂದಿತು. ಅದೇ ವರ್ಷದ ಬೆಲೆಗಳನ್ನು ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ ಹೋಲಿಸಿ ನೋಡಿದಾಗ, ಒಂದು ಮಾನಕ ಅಳತೆಯ ಇನ್ಸುಲಿನ್‌ಗೆ ಅಮೆರಿಕದಲ್ಲಿ ಸರಾಸರಿ 98.70 ಡಾಲರ್, ಕೆನಡಾದಲ್ಲಿ 12, ಬ್ರಿಟನ್ನಿನಲ್ಲಿ 7.52, ಆಸ್ಟ್ರೇಲಿಯಾದಲ್ಲಿ 6.94 ಡಾಲರ್ ಇತ್ತು. ಇವು ರಿಯಾಯಿತಿ ಕಳೆಯುವ ಮುಂಚಿನ ಬೆಲೆಗಳು, ನಿಜ. ಆದರೆ ವಿಮೆ ಇಲ್ಲದವರ ಮುಂದೆ ಅಂಗಡಿಯವರು ಆಗ ಇಡುತ್ತಿದ್ದ ಬಿಲ್ಲು ಈ ಬೆಲೆಯದೇ.

ಅಮೆರಿಕದಲ್ಲಿ ಹೀಗಾದದ್ದು ಹೇಗೆ? ಹ್ಯೂಮಲಾಗ್ ಎಂಬ ಇನ್ಸುಲಿನ್ 1996ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಸೀಸೆಗೆ 21 ಡಾಲರ್. ಎರಡು ದಶಕ ಕಳೆಯುವಷ್ಟರಲ್ಲಿ ಅದು ಸುಮಾರು 275 ಡಾಲರ್‌ಗೆ ಏರಿತ್ತು. ಸೀಸೆಯೊಳಗಿನ ಔಷಧ ಮಾತ್ರ ಅದೇ. ಅಲ್ಲಿ ವಿಮಾ ಕಂಪನಿಗಳ ಪರವಾಗಿ ಔಷಧಗಳ ಪಟ್ಟಿ ಮಾಡುವ ಮಧ್ಯವರ್ತಿ ಸಂಸ್ಥೆಗಳಿವೆ. ಹೆಚ್ಚು ರಿಯಾಯಿತಿ ಕೊಡುವ ಔಷಧಕ್ಕೆ ಪಟ್ಟಿಯಲ್ಲಿ ಒಳ್ಳೆಯ ಜಾಗ. ರಿಯಾಯಿತಿ ದೊಡ್ಡದಾಗಬೇಕಾದರೆ ಮೂಲ ಬೆಲೆಯೂ ದೊಡ್ಡದಾಗಿರಬೇಕಲ್ಲ! ಹೀಗೆ ಪೈಪೋಟಿಯೇ ಬೆಲೆಯನ್ನು ಮೇಲಕ್ಕೆ ತಳ್ಳಿತು. ಜಗತ್ತಿನ ಇನ್ಸುಲಿನ್ ಮಾರುಕಟ್ಟೆಯ ಬಹುಪಾಲು ಲಿಲಿ, ನೊವೊ ನಾರ್ಡಿಸ್ಕ್, ಸನೋಫಿ ಎಂಬ ಮೂರೇ ಕಂಪನಿಗಳ ಕೈಯಲ್ಲಿರುವುದೂ ಇದಕ್ಕೆ ಅನುಕೂಲವಾಯಿತು. ಹಣ ಸಾಲದೆ ಡೋಸ್ ತಾವೇ ಕಡಿಮೆ ಮಾಡಿಕೊಂಡು ದಿನ ದೂಡಿದವರು ಅಲ್ಲಿ ಬಹಳ ಮಂದಿ. ಶ್ರೀಮಂತ ದೇಶವೊಂದರಲ್ಲಿ ಇದು ನಡೆದದ್ದು ಕ್ಷಮಿಸುವಂಥದ್ದಲ್ಲ.

2023ರಲ್ಲಿ ಅಲ್ಲಿ ಬೆಲೆ ಇಳಿಯತೊಡಗಿತು. ಹಿರಿಯ ನಾಗರಿಕರ ಮೆಡಿಕೇರ್ ವಿಮೆಯಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಬಂತು. ಕಂಪನಿಗಳೂ ಕೆಲವು ಇನ್ಸುಲಿನ್‌ಗಳ ಬೆಲೆಯನ್ನು ಶೇ 70ರಷ್ಟು, ಅದಕ್ಕೂ ಹೆಚ್ಚು ಕಡಿತ ಮಾಡುವುದಾಗಿ ಘೋಷಿಸಿದವು. ಇದು ಬರೀ ಔದಾರ್ಯವಲ್ಲ. ಬಡವರ ವಿಮೆಯಾದ ಮೆಡಿಕೇಡ್‌ಗೆ ಕಂಪನಿಗಳು ಕೊಡಬೇಕಾದ ರಿಯಾಯಿತಿಗೆ ಇದ್ದ ಮಿತಿ 2024ರ ಜನವರಿಯಲ್ಲಿ ತೆರವಾಗುವುದಿತ್ತು. ಹಳೆಯ ಬೆಲೆಯನ್ನೇ ಇಟ್ಟುಕೊಂಡರೆ ರಿಯಾಯಿತಿ ಬೆಲೆಯನ್ನೂ ಮೀರಿ, ಮೆಡಿಕೇಡ್‌ಗೆ ಮಾರಿದ ಪ್ರತಿ ಸೀಸೆಗೂ ಕೈಯಿಂದ ಹಣ ಕೊಡಬೇಕಾಗಬಹುದಿತ್ತು. ಕಾನೂನು ಬದಲಾಗುವ ಹೊತ್ತಿಗೆ ಬೆಲೆಯೂ ಬದಲಾಯಿತು.

ಬೇರೆ ದೇಶಗಳು ಈ ಕೆಲಸವನ್ನು ಮೊದಲೇ ಮಾಡಿಕೊಂಡಿವೆ. ಇಂಗ್ಲೆಂಡಿನಲ್ಲಿ ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಿಗೆ ವಿನಾಯಿತಿ ಪತ್ರ ಸಿಗುತ್ತದೆ. ಅದಿದ್ದರೆ ಆ ಕಾಯಿಲೆಯ ಔಷಧವಷ್ಟೇ ಅಲ್ಲ, ವೈದ್ಯರು ಬರೆದುಕೊಟ್ಟ ಬೇರೆ ಔಷಧಗಳಿಗೂ ಶುಲ್ಕವಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಎಲ್ಲರಿಗೂ ಉಚಿತ. ಕೆನಡಾದಲ್ಲಿ ಪೇಟೆಂಟ್ ಇರುವ ಔಷಧಗಳ ಬೆಲೆ ಮಿತಿಮೀರದಂತೆ ನೋಡುವ ಮಂಡಳಿ 1987ರಿಂದಲೂ ಇದೆ. ಭಾರತದ ದಾರಿ ಬೇರೆ: ಪೇಟೆಂಟ್ ಮುಗಿದ ಕೂಡಲೇ ಹತ್ತಾರು ಕಂಪನಿಗಳು ಅದೇ ಮಾತ್ರೆ ತಯಾರಿಸಲು ಇಳಿಯುತ್ತವೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಯ ಪೇಟೆಂಟ್ ಮುಗಿದಾಗ ಅದರ ಬೆಲೆ ಕುಸಿದದ್ದು ಹೀಗೆಯೇ.

ಮಧುಮೇಹಕ್ಕೆ ಕೊಡುವ ಓಜೆಂಪಿಕ್ ಎಂಬ ಚುಚ್ಚುಮದ್ದಿನ ಕಥೆಯೂ ಇನ್ಸುಲಿನ್‌ನಂತೆಯೇ. 2023ರಲ್ಲಿ ಒಂದು ತಿಂಗಳ ಓಜೆಂಪಿಕ್‌ಗೆ ಅಮೆರಿಕದಲ್ಲಿ ಘೋಷಿತ ಬೆಲೆ 936 ಡಾಲರ್, ಜಪಾನಿನಲ್ಲಿ 169, ಫ್ರಾನ್ಸಿನಲ್ಲಿ 83.

ಔಷಧದ ಬೆಲೆ ಎಲ್ಲರ ಬಾಯಲ್ಲಿದೆ. ಸಕ್ಕರೆ ನೋಡುವ ಸ್ಟ್ರಿಪ್, ಸೂಜಿ, ಮೈಗೆ ಅಂಟಿಸಿಕೊಂಡು ಸಕ್ಕರೆ ಅಳೆಯುವ ಸೆನ್ಸರ್‌ಗಳ ಬೆಲೆ ಕೇಳುವವರೇ ಕಡಿಮೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವವರಿಗೆ ತಿಂಗಳಿಗೆ 120 ಸ್ಟ್ರಿಪ್ ಬೇಕು. ಒಂದು ಸ್ಟ್ರಿಪ್ ಎಂದರೆ ಬೆರಳಿನ ಉಗುರಿನಷ್ಟು ಅಗಲದ ಪ್ಲಾಸ್ಟಿಕ್, ಅದರ ತುದಿಯಲ್ಲಿ ರಕ್ತದ ಗ್ಲುಕೋಸ್ ಜೊತೆ ವರ್ತಿಸುವ ಕಿಣ್ವದ ಸಣ್ಣ ಲೇಪ, ಮೀಟರ್‌ಗೆ ಸಂಕೇತ ಒಯ್ಯುವ ಲೋಹದ ಗೆರೆಗಳು. ಒಂದು ಕಂಪನಿಯ ಮೀಟರ್‌ಗೆ ಇನ್ನೊಂದರ ಸ್ಟ್ರಿಪ್ ಕೂರುವುದಿಲ್ಲ. ಹಾಗಾಗಿ ಮೀಟರ್ ಕೊಳ್ಳುವಾಗ ಕೇಳಬೇಕಾದದ್ದು ಸ್ಟ್ರಿಪ್‌ನ ಬೆಲೆಯನ್ನು. ಮೀಟರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಆಸ್ಟ್ರೇಲಿಯಾ ಇದನ್ನು ಅರ್ಥ ಮಾಡಿಕೊಂಡ ದೇಶ: ಇನ್ಸುಲಿನ್ ಬಳಸುವವರಿಗೆ ಸೂಜಿ, ಸಿರಿಂಜ್ ಉಚಿತ, ಸ್ಟ್ರಿಪ್‌ಗೆ ಸಹಾಯಧನ, 2022ರ ಜುಲೈಯಿಂದ ಟೈಪ್ 1 ಇರುವ ಎಲ್ಲರಿಗೂ ಸೆನ್ಸರ್‌ಗೂ ಸಹಾಯಧನ. ಅನೇಕ ಬಡ ದೇಶಗಳಲ್ಲಿ ಔಷಧಿಯ ಹಣವೂ ಇವೆಲ್ಲದರ ಹಣವೂ ಸ್ವಂತ ಜೇಬಿನಿಂದಲೇ ಬರಬೇಕು. ಟೈಪ್ 2 ಮಧುಮೇಹಿಗಳಲ್ಲಿ ಇನ್ಸುಲಿನ್ ಅಗತ್ಯವಿರುವವರ ಪೈಕಿ ಅರ್ಧದಷ್ಟು ಜನರಿಗೆ ಅದು ಸಿಗುತ್ತಲೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಬೆಲೆ ಹೋಲಿಸುವವರಿಗೆ ಒಂದು ಎಚ್ಚರಿಕೆ. ಸೀಸೆಗೆ ಸೀಸೆ ಇಟ್ಟು ನೋಡಬೇಡಿ, ಯೂನಿಟ್‌ಗೆ ಯೂನಿಟ್ ನೋಡಿ. ಭಾರತದಂಥ ಕೆಲವು ದೇಶಗಳಲ್ಲಿ ಸಿಗುವ ಯು-40 ಇನ್ಸುಲಿನ್‌ನ 10 ಎಂಎಲ್ ಸೀಸೆಯಲ್ಲಿ 400 ಯೂನಿಟ್ ಇರುತ್ತದೆ. ಬಹುತೇಕ ದೇಶಗಳ ಯು-100 ಸೀಸೆಯಲ್ಲಿ 1000. ಇದು ಹಣದ ಲೆಕ್ಕ ಮಾತ್ರವಲ್ಲ. ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ ಎಳೆದುಕೊಂಡರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೇರೆ ದೇಶದಲ್ಲಿ ಇನ್ಸುಲಿನ್ ಕೊಂಡರೆ ಸಿರಿಂಜನ್ನೂ ಅಲ್ಲಿಯದನ್ನೇ ಕೊಳ್ಳಿ. ಎರಡರ ಮೇಲೂ ಒಂದೇ ಸಂಖ್ಯೆ ಇದೆಯೇ ಎಂದು ಔಷಧದ ಅಂಗಡಿ ಬಿಡುವ ಮುಂಚೆಯೇ ನೋಡಿಕೊಳ್ಳಿ.