ಬಿಎ ತರಗತಿಯಲ್ಲಿ ಓದಿ ತಿದ್ದುವ ಸಮಯ ಎಲ್ಲಿ ಹೋಯಿತು?

ಬಿಎ ಪಠ್ಯಕ್ರಮದ ಉದ್ದೇಶಗಳಲ್ಲಿ 'ವಿಮರ್ಶಾತ್ಮಕ ಚಿಂತನೆ' ಎಂಬ ಮಾತು ತಪ್ಪದೆ ಇರುತ್ತದೆ. ಅದಕ್ಕೆ ಬೇಕಾದ ಗಂಟೆಗಳು ಮಾತ್ರ ಕಾರವಾರ, ಶಿರಸಿಯ ವೇಳಾಪಟ್ಟಿಗಳಲ್ಲಿ ಕಡಿಮೆಯಾಗುತ್ತಲೇ ಬಂದಿವೆ.

ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆದಾಗ ಊರ ಮಕ್ಕಳಿಗೆ ಊರಲ್ಲೇ ಡಿಗ್ರಿ ಸಿಗಬೇಕೆಂಬುದು ಗುರಿ. 1994ರಲ್ಲಿ ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ಬಂತು. 2000ದಲ್ಲಿ ಉದ್ಯಮಿಗಳಾದ ಬಿರ್ಲಾ–ಅಂಬಾನಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ಶಿಕ್ಷಣ ವರದಿ, ಕಲಿಯುವವರೇ ಖರ್ಚು ಹೊರಬೇಕು ಎಂದಿತು. ಬೇಡಿಕೆ ನೋಡಿ ಕೋರ್ಸ್ ನಡೆಸುವ ರೂಢಿ ಗಟ್ಟಿಯಾದಂತೆ ಬಿಎ ವಿಭಾಗಗಳು ತೆಳುವಾದವು, ಉಳಿದವನ್ನು ಒಟ್ಟುಗೂಡಿಸಲಾಯಿತು.

ನಿಜವಾದ ಬಿಗಿತ ಶುರುವಾದದ್ದು 2017ರ ಆಚೆಗೆ. ನ್ಯಾಕ್‌ನ ಪರಿಷ್ಕೃತ ಮೌಲ್ಯಮಾಪನದಲ್ಲಿ ನೂರಕ್ಕೆ ಸುಮಾರು 70 ಭಾಗ ಅಂಕಿಸಂಖ್ಯೆಯದ್ದೇ. ಪ್ರತಿ ಪತ್ರಿಕೆಗೂ ಕೋರ್ಸ್ ಔಟ್‌ಕಮ್ (ಆ ಪತ್ರಿಕೆಯಿಂದ ಮಕ್ಕಳು ಕಲಿಯಬೇಕಾದದ್ದು) ಬರೆದು, ಪ್ರೋಗ್ರಾಂ ಔಟ್‌ಕಮ್ (ಇಡೀ ಪದವಿಯಿಂದ ಕಲಿಯಬೇಕಾದದ್ದು) ಎದುರು ಎರಡರ ನಂಟು ಎಷ್ಟು ಗಟ್ಟಿ ಎಂದು 1, 2 ಅಥವಾ 3 ಹಾಕಬೇಕು. ಬಳಿಕ ಇಂತಿಷ್ಟು ಮಕ್ಕಳು ಇಂತಿಷ್ಟು ಅಂಕ ದಾಟಿದರೆ 'ಸಾಧನೆ'. ಗುರಿ ತಪ್ಪಿದರೆ ಕಾರಣ ಬರೆಯಬೇಕು. ಹಾಗಾಗಿ ಪ್ರಶ್ನೆಯೇ ಸುಲಭವಾಗುತ್ತದೆ. ಇದು ಮೇಷ್ಟ್ರುಗಳ ಸೋಮಾರಿತನವಲ್ಲ, ಲೆಕ್ಕದ ಒತ್ತಡ.

2021ರಲ್ಲಿ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯ ಜೊತೆ 60 ಅಂಕದ ಪರೀಕ್ಷೆ, ಕಾಲೇಜಿನಲ್ಲೇ ಕೊಡುವ 40 ಇಂಟರ್ನಲ್ ಅಂಕ ಬಂತು. ಕಾಗದದ ಮೇಲೆ ಅದು ಒಳ್ಳೆಯದೇ ಇತ್ತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿ, ಇಂಟರ್ನಲ್ 20ಕ್ಕೆ ಇಳಿಯಿತು. ನಡುವೆ 2022ರಲ್ಲಿ ಅತಿಥಿ ಉಪನ್ಯಾಸಕರ ಪಾಠ ವಾರಕ್ಕೆ 15 ಗಂಟೆಗೆ ಏರಿತು.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಲ್ಕಣಿಯವರು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು; ಅದೇ ಅಪ್ಪಿಕೋ ಚಳವಳಿ. ಅಪ್ಪಿಕೋ ಪಾಠಕ್ಕೆ ಅರಣ್ಯ ಇಲಾಖೆಯ ಯೋಜನಾ ವರದಿಯ ಎರಡು ಪುಟ, ಹಳ್ಳಿಯವರ ಹೇಳಿಕೆಯ ಎರಡು ಪುಟ ಕೊಟ್ಟು, 'ಇಬ್ಬರೂ ಕಾಡು ಎಂದು ಯಾವುದನ್ನು ಎಣಿಸುತ್ತಿದ್ದಾರೆ?' ಎಂದು ಕೇಳಬೇಕು. ಮಕ್ಕಳ ಮೊದಲ ಕರಡಿನಲ್ಲಿ ಸಾರಾಂಶವಷ್ಟೇ ಇರುತ್ತದೆ. ಅಂಚಿನಲ್ಲಿ 'ಇದು ನಿನಗೆ ಹೇಗೆ ಗೊತ್ತಾಯಿತು?' ಎಂದು ಬರೆದು ವಾಪಸು ಕೊಟ್ಟಾಗ, ಎರಡನೆಯದರಲ್ಲಿ ಯೋಚನೆ ಹುಟ್ಟುತ್ತದೆ. ಒಬ್ಬರ ಆರು ಪುಟದ ಕರಡು ಓದಿ ತಿದ್ದಲು 12 ನಿಮಿಷ ಎಂದರೂ 60 ಮಕ್ಕಳಿಗೆ 12 ಗಂಟೆ, ಎರಡು ಕರಡಿಗೆ 24. ಅದರ ಬದಲು 'ಅಪ್ಪಿಕೋ ಯಾವ ವರ್ಷ ಆರಂಭವಾಯಿತು?' ಎಂದು ಕೇಳಿದರೆ ಇಡೀ ತರಗತಿ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಸದ್ಯಕ್ಕೊಂದು ದಾರಿ ಇದೆ. ಇಂಟರ್ನಲ್‌ನ ಅರ್ಧದಷ್ಟು ಅಂಕ ಎರಡು ಕರಡಿನ ಒಂದೇ ಬರಹಕ್ಕೆ ಇಟ್ಟು, ತರಗತಿಯನ್ನು 15 ಜನರ ನಾಲ್ಕು ಗುಂಪು ಮಾಡಿ ವಾರಕ್ಕೊಂದು ಗುಂಪಿನದು ಓದಿದರೆ ಮೂರು ಗಂಟೆ ಸಾಕು. ಎರಡು ಸುತ್ತು ಎಂಟು ವಾರದಲ್ಲಿ ಮುಗಿದು ಸೆಮಿಸ್ಟರಿಗೂ ಹೊಂದುತ್ತದೆ. ವಾರದ ಆ ಮೂರು ಗಂಟೆ ಅತಿಥಿ ಉಪನ್ಯಾಸಕರ 15ರ ಮೇಲಲ್ಲ, ಅದರೊಳಗೇ ಸೇರಬೇಕು.